ಪೆನ್ ಜೋಡಿಸುವಾಗ ಮರ ಸೀಳದ ಹಾಗೆ ಏನು ಮಾಡಬೇಕು?

ಶಿರಸಿಯಿಂದ:
ಲೇತಿನಲ್ಲಿ ಮರದ ಪೆನ್ ಮಾಡುತ್ತೇನೆ. ಸ್ಲಿಮ್‌ಲೈನ್ ಕಿಟ್ (ಕ್ಲಿಪ್, ಮೊನೆ ಮುಂತಾದ ಲೋಹದ ಭಾಗಗಳ ಕಟ್ಟು), ಕೊರೆದ ಮರದೊಳಗೆ ಅಂಟಿಸುವ 7 ಮಿ.ಮೀ. ಹಿತ್ತಾಳೆ ಟ್ಯೂಬು. ಹಲಸಿನಲ್ಲಿ ತೊಂದರೆಯೇ ಇಲ್ಲ. ಬೀಟೆ, ಕರಿಮರ ಆದರೆ ಕ್ಲಿಪ್ ಕೂರಿಸಲು ವೈಸಿನ ಎರಡು ದವಡೆಗಳ ನಡುವೆ ಇಟ್ಟು ಒತ್ತುವಾಗ ‘ಟಿಕ್’ ಅನ್ನುತ್ತದೆ, ತುದಿಯಲ್ಲಿ ಕೂದಲೆಳೆಯಷ್ಟು ಸೀಳು. ಪಾಲಿಶ್ ಎಲ್ಲ ಮುಗಿದ ಮೇಲೆ ಹೀಗಾದರೆ ಹೊಟ್ಟೆ ಉರಿಯುತ್ತದೆ. ಮಳೆಗಾಲದಲ್ಲಿ ಮಾಡಿದ ಇನ್ನೊಂದು ಪೆನ್ನು ಮಾರ್ಚಿನಲ್ಲಿ ತಾನಾಗಿಯೇ ಉದ್ದಕ್ಕೆ ಬಿರಿದಿದೆ. ಅಂಟು ಬದಲಿಸಬೇಕಾ?

ಕಾರವಾರದಿಂದ:
ವೈಸಿನ ದವಡೆಗೆ ಮರದ ತೆಳು ಹಲಗೆ ಇಡಿ, ಕಿಟ್ಟಿನ ಭಾಗ ಓರೆಯಾಗಿ ಹೋಗಬಾರದು. ಕರಿಮರ ಕೊರೆಯುವಾಗ ಬಿಟ್ಟನ್ನು ಆಗಾಗ ಹೊರಗೆಳೆದು ಹೊಟ್ಟು ತೆಗೆಯಿರಿ. ಬಿಸಿಗೇ ಒಳಗೆ ಬಿರುಕು ಬಿಟ್ಟಿರುತ್ತದೆ, ಆಗ ಕಾಣುವುದಿಲ್ಲ.

ಕುಮಟಾದಿಂದ:
ತಮ್ಮಾ, ಒತ್ತುವಾಗ ಸೀಳಿದರೂ ಕಾರಣ ಅದಕ್ಕೂ ಮೊದಲಿನ ಕೆಲಸದಲ್ಲಿರುತ್ತದೆ. ಕಿಟ್ಟಿನ ಭಾಗ ಹಿತ್ತಾಳೆಯನ್ನು ಹಿಗ್ಗಿಸುತ್ತದೆ, ಹಿತ್ತಾಳೆ ಮರವನ್ನು ತಳ್ಳುತ್ತದೆ. ತುದಿಯಲ್ಲಿ ಉಳಿದ ಮರ ಒಂದು ಮಿ.ಮೀ. ಕೂಡ ಇರುವುದಿಲ್ಲ. ಹಲಸು ಸ್ವಲ್ಪ ತಡೆದುಕೊಳ್ಳುತ್ತದೆ, ಕರಿಮರ ತಡೆಯುವುದಿಲ್ಲ.

ಟ್ಯೂಬಿನ ಬಾಯನ್ನು ಬೆಳಕಿಗೆ ಹಿಡಿದು ನೋಡು. ಒಳಗೆ ಅಂಟು ಸೋರಿ ಒಣಗಿದ್ದರೆ, ನುಚ್ಚಿನಷ್ಟಿದ್ದರೂ ಸಾಕು ಸೀಳಲಿಕ್ಕೆ. ಸಣ್ಣ ದುಂಡು ಅರದಿಂದ ಕೆರೆದು ತೆಗೆ. ತುದಿಯನ್ನು ಸಮ ಮಾಡುವ ಟ್ರಿಮ್ಮರ್ ಹಾಕಿದ ಮೇಲೆ ಅಂಚಿನಲ್ಲಿ ಹಿತ್ತಾಳೆಯ ಚೂಪು ಎದ್ದಿರುತ್ತದೆ. ಶಂಕುವಿನಾಕಾರದ ಕೌಂಟರ್‌ಸಿಂಕ್ ಬಿಟ್ಟನ್ನು ಕೈಯಲ್ಲೇ ಒಂದೆರಡು ಸುತ್ತು ತಿರುಗಿಸಿ ಒಳಗಿನ ಅಂಚನ್ನು ಇಳಿಜಾರು ಮಾಡು. ಭಾಗ ಹೆಬ್ಬೆರಳ ಒತ್ತಿಗೇ ಅರ್ಧದಷ್ಟು ಒಳಹೋಗಬೇಕು. ಹೋಗದಿದ್ದರೆ ವೈಸ್ ಮುಟ್ಟಲೇಬೇಡ, ಕಡ್ಡಿಗೆ 400ರ ಉಪ್ಪುಕಾಗದ ಸುತ್ತಿ ಒಳಗೆ ತಿಕ್ಕು. ಸಡಿಲಾಯ್ತು ಅಂತ ಹೆದರಬೇಡ, ಒಂದು ಹನಿ ಅರಾಲ್ಡೈಟ್ (ಎರಡು ಭಾಗ ಕಲಸುವ ಎಪಾಕ್ಸಿ ಅಂಟು) ಹಿಡಿದುಕೊಳ್ಳುತ್ತದೆ. ತಿರುಗುವ ಮೆಕ್ಯಾನಿಸಮ್ಮಿಗೆ ಮಾತ್ರ ಅಂಟು ತಾಗಿಸಬೇಡ.

ಅಂಟಿನ ಮಾತು ಬಂತಲ್ಲ, ಟ್ಯೂಬ್ ಕೂರಿಸಲಿಕ್ಕೆ ಫೆವಿಕ್ವಿಕ್ ನನಗೆ ಒಗ್ಗಿಲ್ಲ. ಅರ್ಧಕ್ಕೇ ಹಿಡಿದುಬಿಡುತ್ತದೆ, ತುದಿ ಪೊಳ್ಳಾಗಿ ಉಳಿಯುತ್ತದೆ. ಟ್ಯೂಬಿಗೆ ಉಪ್ಪುಕಾಗದ ತಿಕ್ಕಿ, ಅಂಟು ಒಳಗೆ ಹೋಗದ ಹಾಗೆ ಬಾಯಿಗೆ ಮೇಣ ಒತ್ತಿ, ಸುತ್ತಲೂ ಅರಾಲ್ಡೈಟ್ ಸವರಿ ತಿರುಗಿಸುತ್ತಾ ತೂರಿಸು.

ಮಾರ್ಚಿನ ಸೀಳಿನ ಕಾರಣವೇ ಬೇರೆ. ನಿಮ್ಮ ಘಟ್ಟದ ಮಳೆಯಲ್ಲಿ ಮರ ನೀರು ಹೀರಿ ಉಬ್ಬಿರುತ್ತದೆ. ಬೇಸಿಗೆಗೆ ಅದು ಕುಗ್ಗುತ್ತದೆ, ಒಳಗಿನ ಹಿತ್ತಾಳೆ ಕುಗ್ಗುವುದಿಲ್ಲ, ಮರ ಬಿರಿಯದೆ ಏನು ಮಾಡುತ್ತದೆ? ತುಂಡು ಕೊರೆದು ಒಲೆ ಮೇಲಿನ ಅಟ್ಟದಲ್ಲಿಡು. ಆಗಾಗ ತೂಗು, ತೂಕ ಇಳಿಯುವುದು ನಿಂತ ಮೇಲೆ ಮತ್ತೊಮ್ಮೆ ಬಿಟ್ ಹಾಯಿಸಿ ಟ್ಯೂಬ್ ಹಾಕು. ಹಳೇ ಮನೆಯ ಬೀಟೆ ಮಂಚದ ಕಾಲು ಎಲ್ಲಾದರೂ ಸಿಕ್ಕರೆ ಬಿಡಬೇಡ, ಅದರಷ್ಟು ಒಣಗಿದ ಮರ ಮಿಲ್ಲಿನಲ್ಲಿ ಸಿಗುವುದಿಲ್ಲ.

ಶಿರಸಿಯಿಂದ:
ಟಾರ್ಚ್ ಬಿಟ್ಟು ನೋಡಿದೆ ಅಣ್ಣ, ಕ್ಲಿಪ್ಪಿನ ಕಡೆ ಬಾಯಲ್ಲೇ ಅಂಟಿನ ಗಂಟು. ನನ್ನ ಹತ್ತಿರ ಟ್ರಿಮ್ಮರ್ ಇಲ್ಲ, ತುದಿಯನ್ನು ಅರದಲ್ಲೇ ಸಮ ಮಾಡುತ್ತಿದ್ದೆ. ನಡೆಯುತ್ತದಾ?

ಕುಮಟಾದಿಂದ:
ಅರ ಓರೆ ಹೋಗುತ್ತದೆ. ತುದಿ ಓರೆಯಿದ್ದರೆ ಒತ್ತೆಲ್ಲ ಒಂದೇ ಬದಿಗೆ ಬೀಳುತ್ತದೆ. ಲೇತಿನ ಚಕ್ಕಿಗೆ ಚಪ್ಪಟೆ ಮರದ ಬಿಲ್ಲೆ ಕಟ್ಟಿ ಉಪ್ಪುಕಾಗದ ಅಂಟಿಸು. ಎದುರು ತುದಿಯ ಟೇಲ್‌ಸ್ಟಾಕ್ ಚಕ್ಕಿನಲ್ಲಿ 6 ಮಿ.ಮೀ. ಬಿಟ್ಟಿನ ಹಿಂಬದಿ ಹೊರಗೆ ಬರುವ ಹಾಗೆ ಕಚ್ಚಿಸಿ, ಅದಕ್ಕೆ ಟ್ಯೂಬ್ ಬಿಗಿಯಾಗುವಷ್ಟು ಟೇಪ್ ಸುತ್ತಿ, ಪೆನ್ನಿನ ತುಂಡು ತೂರಿಸಿ ಬಿಲ್ಲೆಗೆ ಮೆಲ್ಲಗೆ ತಾಗಿಸು. ಹಿತ್ತಾಳೆ ಹೊಳೆದ ಕೂಡಲೇ ನಿಲ್ಲಿಸು.