ಕ್ಲೆಜ್ಮರ್, ಕಪೆಲ್ಯೆ: ‘ವಾಲಗ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಯಹೂದಿ ಸಂಗೀತದ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪೂರ್ವ ಯುರೋಪಿನ ಯಹೂದಿಗಳ ಭಾಷೆಯಾದ ಯಿಡ್ಡಿಶ್‌ನ ಹಾಡು, 1492ರಲ್ಲಿ ಸ್ಪೇನ್ ಬಿಟ್ಟು ಹೋಗಬೇಕಾಗಿ ಬಂದ ಯಹೂದಿಗಳು ಉಳಿಸಿಕೊಂಡ ಲಡೀನೋ (ಅವರ ಸ್ಪ್ಯಾನಿಷ್ ಮೂಲದ ನುಡಿ) ಹಾಡು, ಬಾಗ್ದಾದಿನ ಮಕಾಮ್ ಅನ್ನುವ ರಾಗ ಪದ್ಧತಿಯ ಗಾಯನ, ಇವೆಲ್ಲವನ್ನೂ ಒಂದೇ ಕಛೇರಿಯಲ್ಲಿ ನುಡಿಸುವವರ ಬಗ್ಗೆ. ನಾನು ಎಡವಿದ್ದು ಅವರನ್ನು ಏನಂತ ಕರೆಯೋದು ಅನ್ನುವಲ್ಲಿ.

‘ತಂಡ’ ಅಂದರೆ ಕ್ರಿಕೆಟ್ಟಿನದೂ ಆಗುತ್ತದೆ. ‘ವಾದ್ಯವೃಂದ’ ರೇಡಿಯೋ ಪ್ರಕಟಣೆಯ ಹಾಗಿದೆ. ‘ಆರ್ಕೆಸ್ಟ್ರಾ’ ಅಂದ ಕೂಡಲೇ ಗಣೇಶನ ಪೆಂಡಾಲು ಕಣ್ಣಿಗೆ ಬರುತ್ತದೆ, ಅಲ್ವಾ? ‘ಮೇಳ’ ನನಗಿಷ್ಟ. ಆದರೆ ಕರಾವಳಿಯವರಿಗೆ ಅದು ಯಕ್ಷಗಾನವೇ.

ಹಾಗಾದರೆ ಆ ಜನ ತಮ್ಮ ವಾದ್ಯದವರನ್ನು ಏನಂತ ಕರೆಯುತ್ತಿದ್ದರು ಅಂತ ನೋಡಿದೆ. ಹೀಬ್ರೂವಿನ ‘ಕ್ಲೇ ಜೆಮೆರ್’ ಅಂದರೆ ಹಾಡಿನ ಉಪಕರಣಗಳು, ಅಂದರೆ ವಾದ್ಯಗಳು. ಯಿಡ್ಡಿಶ್‌ನಲ್ಲಿ ಅದೇ ‘ಕ್ಲೆಜ್ಮರ್’ ಆಗಿ, ನುಡಿಸುವವನ ಹೆಸರಾಯಿತು. ಬಹುವಚನ ‘ಕ್ಲೆಜ್ಮೋರಿಮ್’. ಈಗ ಎಲ್ಲರೂ ಅದನ್ನು ಒಂದು ಸಂಗೀತ ಪ್ರಕಾರ ಅಂತ ತಿಳಿದಿದ್ದಾರೆ. ಆ ಅರ್ಥ ಬಳಕೆಗೆ ಬಂದದ್ದು 1970ರ ದಶಕದಿಂದ ಈಚೆಗೆ, ಅಮೆರಿಕದ ಯುವಕರು ಹಳೇ ಗ್ರಾಮಫೋನ್ ತಟ್ಟೆ ಕೇಳಿ ಕೇಳಿ ಮತ್ತೆ ನುಡಿಸತೊಡಗಿದ ಮೇಲೆ.

ಬಾಗ್ದಾದಿನಲ್ಲೂ ಇದೇ ಕಥೆ. ಅಲ್ಲಿ ಸಂತೂರ್, ಪಿಟೀಲಿನಂಥ ಜೋಝಾ ಇಟ್ಟುಕೊಂಡು ಮಕಾಮ್‌ಗೆ ಪಕ್ಕವಾದ್ಯ ನುಡಿಸುವ ಗುಂಪಿಗೆ ‘ಚಾಲ್ಗಿ’ ಅನ್ನುತ್ತಾರೆ. ಟರ್ಕಿ ಭಾಷೆಯಲ್ಲಿ ಆ ಪದಕ್ಕೆ ವಾದ್ಯ ಅಂತಲೇ ಅರ್ಥ. 1932ರ ಕೈರೋ ಅರಬ್ ಸಂಗೀತ ಸಮ್ಮೇಳನಕ್ಕೆ ಇರಾಕಿನಿಂದ ಹೋದ ವಾದ್ಯಗಾರರಲ್ಲಿ ಬಹುತೇಕರು ಯಹೂದಿಗಳು.

ಆಗ ನೆನಪಾಯಿತು. ನಮ್ಮ ಹಾಸನದ ಕಡೆ ಮದುವೆ ಮನೆಯಲ್ಲಿ ‘ವಾಲಗ ಬಂತಾ?’ ಅಂತ ಕೇಳುತ್ತೇವೆ. ಬರೋದು ವಾದ್ಯವಲ್ಲ, ವಾದ್ಯದವರು!

ಇನ್ನೂ ಸ್ವಾರಸ್ಯ ಇರುವುದು ‘ಕಪೆಲ್ಯೆ’ಯಲ್ಲಿ. ಕ್ಲೆಜ್ಮರ್‌ಗಳ ಗುಂಪಿಗೆ ಯಿಡ್ಡಿಶ್‌ನಲ್ಲಿ ಹಾಗನ್ನುತ್ತಾರೆ. ಜರ್ಮನ್ನಿನ ‘ಕಪೆಲ್ಲೆ’ಯ ಬಳಗದ ಪದ ಅದು. ಕಪೆಲ್ಲೆ ಅಂದರೆ ಚಿಕ್ಕ ಚರ್ಚು. ಅರಮನೆಯ ಚರ್ಚಿನಲ್ಲಿ ಹಾಡಿ ನುಡಿಸುವವರಿಗೂ ಅದೇ ಹೆಸರು ಬಿತ್ತು. ಅಲ್ಲಿಂದ ಹೊರಟ ಪದ ಕೊನೆಗೆ ಯಹೂದಿ ಮದುವೆಯ ಪಿಟೀಲು, ಕ್ಲಾರಿನೆಟ್‌ನವರನ್ನು ಸೇರಿತು. ನಮ್ಮ ‘ಓಲಗ’ವೂ ಹೀಗೇ ಅಲೆದಿದೆ. ಹಳೆಯ ಕಾವ್ಯಗಳಲ್ಲಿ ಅದು ರಾಜನ ಸಭೆ. ಒಡ್ಡೋಲಗದಲ್ಲಿ ಆ ಅರ್ಥ ಇವತ್ತಿಗೂ ಇದೆ. ಮದುವೆ ಮನೆಗೆ ಬರುವಷ್ಟರಲ್ಲಿ ಅದು ವಾಲಗ. ಎರಡು ಪದಗಳೂ ದೊಡ್ಡವರ ಅಂಗಳದಿಂದ ಚಪ್ಪರಕ್ಕೆ ಬಂದವು.

ಹಾಗಾಗಿ ‘ಕಪೆಲ್ಯೆ’ಗೆ ‘ವಾಲಗ’, ‘ಕ್ಲೆಜ್ಮರ್’ಗೆ ‘ವಾಲಗದವರು’ ಅಂತ ಹಾಕಿದ್ದೇನೆ. ಸ್ನೇಹಿತರೊಬ್ಬರು ಬೇಡ ಅಂದರು. ವಾಲಗದವರು ಅನ್ನೋದರಲ್ಲಿ ಜಾತಿಯ ವಾಸನೆ ಇದೆ, ಕೀಳಾಗಿ ಕೇಳಿಸುತ್ತದೆ ಅಂತ. ಅವರ ಮಾತು ಸುಳ್ಳಲ್ಲ. ಆದರೆ ‘ಕ್ಲೆಜ್ಮರ್’ಗೂ ಒಂದು ಕಾಲಕ್ಕೆ ಅದೇ ಗತಿ ಇತ್ತು. ಅಮೆರಿಕಕ್ಕೆ ವಲಸೆ ಬಂದ ಎಷ್ಟೋ ವಾದ್ಯಗಾರರಿಗೆ ಹಾಗೆ ಕರೆಸಿಕೊಳ್ಳಲು ಇಷ್ಟವಿರಲಿಲ್ಲ. ಸ್ವರ ಓದಲು ಬಾರದ ಹಳ್ಳಿಗ ಅನ್ನುವ ತಾತ್ಸಾರ ಅದರಲ್ಲಿತ್ತು. ಆ ಮುಜುಗರವೂ ಅನುವಾದದಲ್ಲಿ ಬರಲಿ ಅಂತ ನನ್ನ ಆಸೆ. ಸುಮ್ನೆ ‘ಕಲಾವಿದರು’ ಅಂದರೆ ಅದು ಹೋಗಿಬಿಡುತ್ತದೆ.

ಲಡೀನೋ ಹಾಡಿಗೆ ಮಾತ್ರ ಈ ಪದ ಹೊಂದದು. ಅದರಲ್ಲಿ ಬಹಳಷ್ಟು ಹೆಂಗಸರು ಮನೆಯಲ್ಲಿ ಹಾಡಿಕೊಂಡು ಬಂದದ್ದು. ತಮಟೆಯಂಥ ‘ಪಂದೇರೋ’ ಜೊತೆಗಿದ್ದರೆ ಜಾಸ್ತಿ. ಅದಕ್ಕೆ ‘ಸೋಬಾನೆ’ ಅಂದರೆ ಮದುವೆ ಹಾಡಿಗಷ್ಟೇ ಸರಿ.

ಈ ಮೂರನ್ನೂ ನುಡಿಸುವ ಇಡೀ ಗುಂಪಿಗೆ ಏನನ್ನೋಣ? ನಿಮ್ಮ ಊರ ಕಡೆ ವಾದ್ಯದವರ ಗುಂಪಿಗೆ ಬೇರೆ ಮಾತಿದ್ದರೆ ತಿಳಿಸಿ. ‘ವಾಲಗದವರು’ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ, ಅದನ್ನೂ ಹೇಳಿ.