ಸಹಾಯ ಬೇಕು: ಆರೋಪಿಯ ಮೌನವೇ ಅವನಿಗೆ ಮುಳುವಾಗುತ್ತದೆಯೇ?

ನಮಸ್ಕಾರ. ನನ್ನ ತಮ್ಮ ಒಂದು ಕ್ರಿಮಿನಲ್ ಪ್ರಕರಣದಲ್ಲಿ ಆರೋಪಿ. ಸರ್ಕಾರದ ಕಡೆಯ ಸಾಕ್ಷ್ಯ ಮುಗಿದಿದೆ. ಮುಂದಿನ ವಾರ ನ್ಯಾಯಾಧೀಶರು ಅವನನ್ನೇ ಪ್ರಶ್ನಿಸುತ್ತಾರೆ (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 313ನೇ ಕಲಂ, ಈಗ ಅದರ ಬದಲಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 351).

ಸಂವಿಧಾನದ 20(3)ನೇ ವಿಧಿಯಂತೆ ಆರೋಪಿಯನ್ನು ತನ್ನ ವಿರುದ್ಧವೇ ಸಾಕ್ಷಿಯಾಗುವಂತೆ ಬಲವಂತಪಡಿಸುವಂತಿಲ್ಲ. ಈ ಹಂತದಲ್ಲಿ ಪ್ರಮಾಣವಚನವಿಲ್ಲ, ಉತ್ತರಿಸದಿದ್ದರೆ ಶಿಕ್ಷೆಯೂ ಇಲ್ಲ. ಆದರೆ ಕೊಟ್ಟ ಉತ್ತರವನ್ನು ನ್ಯಾಯಾಲಯ ಪರಿಗಣಿಸಬಹುದು, ಅದೇ ನನ್ನ ಭಯ. ನೆಂಟರೆಲ್ಲ 'ಮೌನಂ ಸಮ್ಮತಿ ಲಕ್ಷಣಂ' ಎಂದು ಹೇಳಿ ಅವನ ಧೈರ್ಯ ಕುಗ್ಗಿಸುತ್ತಿದ್ದಾರೆ. ಇದು ತೀರಾ ಅನ್ಯಾಯ. ಆರೋಪ ಸಾಬೀತುಪಡಿಸುವ ಹೊಣೆ ಸರ್ಕಾರದ್ದಲ್ಲವೇ?

ಪೂರ್ತಿ ಮೌನವಾಗಿರುವುದು ಕ್ಷೇಮವೋ, ಕೆಲವಕ್ಕಷ್ಟೇ ಉತ್ತರಿಸುವುದೋ, ಇಲ್ಲವೇ ಲಿಖಿತ ಹೇಳಿಕೆ ಸಲ್ಲಿಸುವುದೋ? ನಮ್ಮ ವಕೀಲರನ್ನೂ ಕೇಳುತ್ತೇವೆ. ಇಂಥ ವಿಚಾರಣೆ ನಡೆಸಿದ ಅನುಭವವುಳ್ಳವರು ದಯವಿಟ್ಟು ತಿಳಿಸಿ.