ಅಂದಕ್ಕೋಸ್ಕರ ಮೇಲ್ದವಡೆ ಆಪರೇಷನ್: ಮಾಡಿಸಿಕೊಂಡವರು ನಿಮ್ಮ ಅನುಭವ ಹೇಳಿ

ಶಿರಾ ಗೇಟ್ ಹುಡುಗಿ

ನನಗೆ 27 ವರ್ಷ. ತುಮಕೂರಿನ ಒಂದು ಸೊಸೈಟಿಯಲ್ಲಿ ಕೆಲಸ. ನಕ್ಕರೆ ಮೇಲಿನ ವಸಡು ಪೂರ್ತಿ ಕಾಣುತ್ತದೆ, ಅಳೆದು 6 ಮಿಲಿಮೀಟರ್ ಅಂದರು. ಹೈಸ್ಕೂಲಿನಲ್ಲೇ ಕ್ಲಿಪ್ ಹಾಕಿಸಿದ್ದೆ, ಹಲ್ಲು ಸಾಲಾಗಿವೆ, ಅಗಿಯಲು ಏನೂ ತೊಂದರೆ ಇಲ್ಲ. ದವಡೆಯೇ ಉದ್ದ ಇದೆ, ಲೆ ಫೋರ್ಟ್ ಒನ್ ಅಂತ ಮೇಲ್ದವಡೆ ಮೂಳೆ ಕತ್ತರಿಸುವ ಆಪರೇಷನ್ ಮಾಡಿ ಮೇಲಕ್ಕೆ ಕೂರಿಸಬೇಕು, ಆದರೆ ಇದು ಆರೋಗ್ಯಕ್ಕೆ ಬೇಕೇ ಬೇಕು ಅಂತಲ್ಲ, ನಿಮಗೆ ಇಷ್ಟ ಇದ್ದರೆ ಮಾತ್ರ ಅಂತ ಡಾಕ್ಟರ್ ಹೇಳಿದರು. ಅಂದಾಜು 3 ಲಕ್ಷದ 20 ಸಾವಿರ. ನನ್ನ ಚೀಟಿ ದುಡ್ಡು ಇದೆ. ಅಮ್ಮ ಬೇಡವೇ ಬೇಡ ಅನ್ನುತ್ತಾರೆ. ಗಂಡಿನ ಕಡೆಯವರಿಗೋಸ್ಕರ ಅಲ್ಲ. ಯಾರಾದರೂ ಫೋಟೋ ತೆಗೆದರೆ ನನ್ನ ಕೈ ತಾನಾಗಿ ಬಾಯಿಗೆ ಹೋಗುತ್ತದೆ, ಅದು ನಿಲ್ಲಬೇಕು. ಎಷ್ಟು ದಿನ ರಜೆ ಬೇಕು? ತುಟಿ ಜೋಮು ಹೋಗುತ್ತದಾ? ಮೊದಲೇ ಕ್ಲಿಪ್ ಆಗಿದ್ದರೂ ಮತ್ತೆ ಹಾಕಿಸಬೇಕಾ?

ಟಮಕ ಅಕ್ಕ

ನಾನು ಮಾಡಿಸಿದ್ದು 2019ರಲ್ಲಿ, ಬೆಂಗಳೂರಿನಲ್ಲಿ. ಇವತ್ತಿಗೂ ಒಂದು ದಿನ ಬೇಜಾರಾಗಿಲ್ಲ. ಆದರೆ ಅವರು ಹೇಳುವ ಪ್ಯಾಕೇಜ್ ನಂಬಬೇಡಿ. ನನಗೆ ಹೇಳಿದ್ದು 2,45,000. ಆದದ್ದು ಕೇಳಿ. ಕ್ಲಿಪ್ಪಿಗೆ 58,000. ಸ್ಕ್ಯಾನು, ಎಕ್ಸ್‌ರೇ ಸೇರಿ 7,400. ರಕ್ತ, ಇಸಿಜಿ, ಫಿಟ್‌ನೆಸ್ ಸರ್ಟಿಫಿಕೇಟ್ ಎಲ್ಲಾ 4,600. ಮೂಳೆ ಹಿಡಿದಿಡುವ ಪ್ಲೇಟು ಮತ್ತು ಸ್ಕ್ರೂ ಪ್ಯಾಕೇಜಿನಲ್ಲಿ ಇಲ್ಲ ಅಂತ ಅಡ್ಮಿಟ್ ಆಗುವ ಹಿಂದಿನ ದಿನ ಹೇಳಿದರು, 4 ಪ್ಲೇಟು 16 ಸ್ಕ್ರೂಗೆ 38,000. ವಾಂತಿ ನಿಲ್ಲಲಿಲ್ಲ ಅಂತ ಒಂದು ದಿನ ಜಾಸ್ತಿ ಇಟ್ಟುಕೊಂಡರು, ರೂಮಿಗೆ 6,500. ಔಷಧಿ 9,200. ಕೋಲಾರದಿಂದ ಬಸ್ಸಿನಲ್ಲಿ ಹೋಗುವ ಸ್ಥಿತಿ ಇರಲಿಲ್ಲ, ಎರಡು ಸಲ ಕಾರು ಮಾಡಿಕೊಂಡು ಹೋದೆವು, 7,000. 35 ದಿನ ಸಂಬಳ ಇಲ್ಲದ ರಜೆ, 31,000. ಒಟ್ಟು 4,06,700. ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಇನ್ಶೂರೆನ್ಸ್‌ನವರು ಒಂದು ರೂಪಾಯಿ ಕೊಡಲಿಲ್ಲ, ಅಂದಕ್ಕೆ ಮಾಡಿಸಿದ್ದು ಪಾಲಿಸಿಯಲ್ಲಿ ಬರುವುದಿಲ್ಲ ಅಂದರು.

ಮೊದಲ ಎರಡು ದಿನಕ್ಕಿಂತ ಮೂರನೇ ದಿನ ಊತ ಜಾಸ್ತಿ. ಕಣ್ಣು ಅರ್ಧ ಮುಚ್ಚಿತ್ತು. ಮೂಗು ಪೂರ್ತಿ ಕಟ್ಟಿಕೊಂಡಿರುತ್ತದೆ, ಸೀನಬಾರದು, ಸಿಂಬಳ ಚೀದಬಾರದು, ಬಾಯಿ ರಬ್ಬರ್ ಬ್ಯಾಂಡಿನಲ್ಲಿ ಬಿಗಿದಿರುತ್ತದೆ. ಎರಡು ವಾರ ಮೂರು ದಿಂಬು ಒರಗಿಸಿಕೊಂಡು ಕೂತೇ ಮಲಗಿದೆ. ರಾಗಿ ಅಂಬಲಿ ಬಟ್ಟೆಯಲ್ಲಿ ಸೋಸಿ ಸಿರಿಂಜಿಗೆ ಟ್ಯೂಬ್ ಹಾಕಿ ಕೆನ್ನೆ ಪಕ್ಕದಿಂದ ಬಿಡಬೇಕಿತ್ತು, ಸ್ಟ್ರಾ ಹಾಕಿ ಹೀರಲೇಬಾರದು ಅಂದಿದ್ದರು. 6 ಕೆಜಿ ಇಳಿದೆ. ಆದರೆ ದವಡೆ ಮೇಲೆ ಹೋದ ಮೇಲೆ ಕೆಳದವಡೆ ತಾನಾಗಿ ಮುಂದಕ್ಕೆ ತಿರುಗಿ ನನಗೆ ಮೊದಲ ಸಲ ಗಲ್ಲ ಅಂತ ಒಂದು ಕಾಣಿಸಿತು. ಕನ್ನಡಿ ಮುಂದೆ ಅತ್ತುಬಿಟ್ಟೆ.

ಗೌರಿಬಿದನೂರು 94

ಅಕ್ಕನಿಗೆ ಚೆನ್ನಾಗಿ ಆಗಿದೆ, ಸಂತೋಷ. ನನಗೆ ಆಗಲಿಲ್ಲ, ಅದನ್ನೂ ಓದಿ. ನನ್ನದು ಉಬ್ಬು ಹಲ್ಲು. ಈ ಕಡೆ ಒಂದು ಆ ಕಡೆ ಒಂದು ಹಲ್ಲು ಕಿತ್ತು, ಮುಂದಿನ ಆರು ಹಲ್ಲಿರುವ ಮೂಳೆ ತುಂಡನ್ನು ಕತ್ತರಿಸಿ ಹಿಂದಕ್ಕೆ ತಳ್ಳಿದರು. ಕ್ಲಿಪ್ ಹಾಕಿಕೊಂಡು ಎರಡು ವರ್ಷ ಕಾಯುವ ಬದಲು ಒಂದೇ ದಿನದ ಕೆಲಸ ಅಂದರು. ನಾಲ್ಕನೇ ತಿಂಗಳಿಗೆ ಎಡಗಡೆ ಕೋರೆ ಹಲ್ಲು ಬೂದು ಬಣ್ಣಕ್ಕೆ ತಿರುಗಿತು. ರಕ್ತ ಹೋಗುತ್ತಿಲ್ಲ, ಹಲ್ಲು ಸತ್ತಿದೆ ಅಂದರು. ರೂಟ್ ಕೆನಾಲ್ 4,500, ಕ್ಯಾಪ್ 7,000, ಅದೂ ನನ್ನ ಕೈಯಿಂದಲೇ. ಮೂಗಿನ ಹೊಳ್ಳೆ ಅಗಲ ಆಯಿತು. ಮೇಲ್ತುಟಿ ಒಳಕ್ಕೆ ಹೋಗಿ 29 ವರ್ಷಕ್ಕೇ 45 ಆದವನ ಥರ ಕಾಣುತ್ತೇನೆ. ಕೇಳಿದರೆ, ಸಹಿ ಹಾಕಿದ್ದೀರಲ್ಲ ಅಂದರು. ಮೂರು ಪುಟ ಇಂಗ್ಲಿಷ್, ಆಪರೇಷನ್ ದಿನ ಬೆಳಗ್ಗೆ ಆರೂವರೆಗೆ ಕೊಟ್ಟು ಸಹಿ ಹಾಕಿ ಅಂದರು. ಪಕ್ಕದಲ್ಲಿ ನಮ್ಮಮ್ಮ ಹೆಬ್ಬೆಟ್ಟು ಒತ್ತಿದರು.

ದುಡ್ಡು ಎಲ್ಲಿಂದ ಬಂತು ಅದೂ ಹೇಳುತ್ತೇನೆ. ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಒಂದೂವರೆ ಲಕ್ಷ ತಂದೆ. 22 ತಿಂಗಳು ತೀರಿಸಲು ಆಗಲಿಲ್ಲ, ಬಡ್ಡಿಯೇ 66,000 ಕಟ್ಟಿದೆ. ಊಟ ಮಾಡಲು, ಮಾತಾಡಲು ತೊಂದರೆ ಇಲ್ಲದವರು ಅಂದಕ್ಕೋಸ್ಕರ ಮುಖದ ಮೂಳೆ ಒಡೆಸಿಕೊಳ್ಳಬೇಡಿ. ಕೈಮುಗಿದು ಹೇಳುತ್ತೇನೆ.

ಟಮಕ ಅಕ್ಕ

ತಮ್ಮಾ, ನಿಮಗೆ ಆದದ್ದಕ್ಕೆ ನಿಜವಾಗಿ ಸಂಕಟ ಆಗುತ್ತದೆ. ಆದರೆ ನಿಮ್ಮದು ಬೇರೆ ಆಪರೇಷನ್, ನಮ್ಮದು ಬೇರೆ. ನಿಮಗೆ ಮುಂದಿನ ತುಂಡು ಮಾತ್ರ ಕತ್ತರಿಸಿದ್ದಾರೆ, ಹಲ್ಲಿನ ಬೇರಿನ ಪಕ್ಕದಲ್ಲೇ ಗರಗಸ ಹೋಗುತ್ತದೆ. ನಮಗೆ ಬೇರುಗಳಿಗಿಂತ ಮೇಲೆ ಪೂರ್ತಿ ದವಡೆ ಬಿಡಿಸಿ ಕೂರಿಸೋದು. ಎರಡನ್ನೂ ಸೇರಿಸಿ ಆ ಹುಡುಗಿಯನ್ನು ಹೆದರಿಸಬೇಡಿ.

ಗೌರಿಬಿದನೂರು 94

ನಾನು ಹೆದರಿಸುತ್ತಿಲ್ಲ. ನನ್ನ ಬಾಯಲ್ಲಿ ಆದದ್ದು ಹೇಳಿದೆ. ನಿಮ್ಮ ತುಟಿ, ಕೆನ್ನೆ ಪೂರ್ತಿ ಸರಿ ಇದೆಯಾ, ಅದನ್ನು ಬರೆಯಲಿಲ್ಲವಲ್ಲ? ಜೋಮಿನ ಬಗ್ಗೆ ಅವರು ನೇರವಾಗಿ ಕೇಳಿದ್ದಾರೆ. ನಾಲ್ಕು ಲಕ್ಷದ ಲೆಕ್ಕ ಬರೆದಿರಿ, ಅದೊಂದು ಬಿಟ್ಟಿರಿ.

ಟಮಕ ಅಕ್ಕ

ಬರೆಯುತ್ತೇನೆ, ಮುಚ್ಚಿಡಲು ಏನಿದೆ. ಮೇಲ್ತುಟಿ ಐದು ತಿಂಗಳು ಜೋಮು ಇತ್ತು, ಕಾಫಿ ಚೆಲ್ಲಿದರೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ಇರುವೆ ಹರಿದ ಹಾಗೆ ಆಗಿ ನಿಧಾನಕ್ಕೆ ಬಂತು. ಎಡಗಡೆ ವಸಡಿನ ಮೇಲೆ ಒಂದು ಕಡಲೆಕಾಯಿ ಬೀಜದಷ್ಟು ಜಾಗ ಇವತ್ತಿಗೂ ಸತ್ತ ಹಾಗಿದೆ. ಹಲ್ಲುಜ್ಜುವಾಗ ಮಾತ್ರ ನೆನಪಾಗುತ್ತದೆ. ಅದಕ್ಕೆ ನಾನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ತಿಪಟೂರು ಅಮ್ಮ

ನನ್ನ ಮಗಳಿಗೂ ಆಪರೇಷನ್ ಅಂದಿದ್ದರು. ನಾನು ಒಪ್ಪಲಿಲ್ಲ. ದವಡೆಗೆ ಚಿಕ್ಕ ಸ್ಕ್ರೂ ಹಾಕಿ, ಕ್ಲಿಪ್ಪಿನಿಂದ ಹಲ್ಲನ್ನೇ ಮೇಲಕ್ಕೆ ಎಳೆಯುವುದು ಇದೆಯಲ್ಲ, ಅದನ್ನು ಮಾಡಿಸಿದೆ. 26 ತಿಂಗಳು ಹಿಡಿಯಿತು. ಕ್ಲಿಪ್ಪಿಗೆ 45,000, ನಾಲ್ಕು ಸ್ಕ್ರೂಗೆ 14,000. ಬಲಗಡೆಯದು ಮೂರು ಸಲ ಸಡಿಲ ಆಗಿ ಕೈಗೇ ಬಂತು. ಎರಡು ಸಲ ಸುಮ್ನೆ ಹಾಕಿಕೊಟ್ಟರು, ಮೂರನೇ ಸಲ 3,500 ತೆಗೆದುಕೊಂಡರು. ಎಲ್ಲಾ ಮುಗಿದು, ಹಲ್ಲು ಜರುಗದ ಹಾಗೆ ಹಾಕಿಕೊಳ್ಳುವ ರಿಟೇನರ್ ಕೊಟ್ಟ ವಾರವೇ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಲು ಇಳಿದಾಗ ಅದನ್ನು ಟಿಶ್ಯೂನಲ್ಲಿ ಸುತ್ತಿ ಮೇಜಿನ ಮೇಲೆ ಇಟ್ಟಳು, ಎತ್ತಿ ಬಿಸಾಕಿಬಿಟ್ಟರು. ವಾಪಸ್ ಹೋಗಿ ಬುಟ್ಟಿ ಹುಡುಕಿದೆ, ಸಿಗಲಿಲ್ಲ. ಇನ್ನೊಂದಕ್ಕೆ 4,000. ಇಷ್ಟೆಲ್ಲ ಆದರೂ ವಸಡು 5 ಮಿಲಿಮೀಟರಿನಿಂದ ಎರಡೂವರೆಗೆ ಇಳಿದಿದೆ, ಮೂಳೆ ಯಾರೂ ಕತ್ತರಿಸಿಲ್ಲ. ಹೆತ್ತವರ ಮಾತು ಕೇಳಿ ಮಗಳೇ.

ಪಾವಗಡ ಬೋರ್‌ವೆಲ್

ಅಮ್ಮ, ನಿಮ್ಮ ಮಗಳಿಗೆ ಹಲ್ಲು ಕೆಳಗೆ ಇಳಿದಿತ್ತು ಅನಿಸುತ್ತದೆ, ಅದಕ್ಕೆ ಸ್ಕ್ರೂ ಸಾಕಾಯಿತು. ಇವರಿಗೆ ದವಡೆಯೇ ಉದ್ದ ಅಂದಿದ್ದಾರಂತೆ. ಗೌರಿಬಿದನೂರಿನವರು ಮೂಳೆ ಒಡೆಯುವುದು ಅಂತ ಬರೆದರು. ಮನಬಂದ ಹಾಗೆ ಒಡೆಯುವುದಲ್ಲ ಅದು. ಫ್ರಾನ್ಸ್‌ನ ರೆನೆ ಲೆ ಫೋರ್ಟ್ ಅನ್ನುವ ಸರ್ಜನ್, ಪೆಟ್ಟು ಬಿದ್ದರೆ ಮುಖದ ಮೂಳೆ ಯಾವ ಗೆರೆಯಲ್ಲಿ ಬಿಡುತ್ತದೆ ಅಂತ 1901ರಲ್ಲಿ ಬರೆದಿಟ್ಟ. ಅದರಲ್ಲಿ ಒಂದನೇ ಗೆರೆ ಇದು. ಅದಕ್ಕೇ ಆ ಹೆಸರು.

ನನ್ನ ಕಷ್ಟ ಬೇರೆ. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಚಿಕ್ಕಂದಿನಿಂದ ಕುಡಿದು ಹಲ್ಲೆಲ್ಲ ಕಂದು ಪಟ್ಟೆ. ಆಪರೇಷನ್‌ಗೆ ಮೊದಲು ಕ್ಲಿಪ್ ಹಾಕಬೇಕಲ್ಲ, ಇಂಥ ಹಲ್ಲಿಗೆ ಗಮ್ ಸರಿಯಾಗಿ ಹಿಡಿಯಲ್ಲ. ಒಟ್ಟು 14 ಸಲ ಬಿದ್ದಿದೆ, ಬರೆದಿಟ್ಟಿದ್ದೇನೆ. ಪ್ರತಿ ಸಲಕ್ಕೂ ಪಾವಗಡದಿಂದ ಬೆಂಗಳೂರಿಗೆ ಹೋಗಿ ಬರಬೇಕು, ಒಂದು ದಿನದ ಕೂಲಿ ಹೋಯಿತು. ದಂತ ಕಾಲೇಜಿನಲ್ಲಿ ಮಾಡಿಸಿದ್ದರಿಂದ ಆಪರೇಷನ್ ಖರ್ಚು, ಪ್ಲೇಟು ಸೇರಿ, 60,000ದ ಒಳಗೆ ಮುಗಿಯಿತು, ಆದರೆ ಡೇಟ್ ಸಿಗಲು 9 ತಿಂಗಳು ಕಾದೆ. ಈಗ ವಸಡು ಕಾಣಲ್ಲ. ಕಲೆ ಕಾಣುತ್ತದೆ. ಮೊದಲು ನಗುತ್ತಲೇ ಇರಲಿಲ್ಲ, ಈಗ ನಗುತ್ತೇನೆ, ಜನ ಕಲೆ ನೋಡುತ್ತಾರೆ. ಅದಕ್ಕೆ ಬೇರೆ ದುಡ್ಡು ಕೂಡಿಸುತ್ತಿದ್ದೇನೆ.

ಬಂಗಾರಪೇಟೆ

ನಾನು ವಸಡು ಕಾಣದಿರಲಿ ಅಂತ ಬೋಟಾಕ್ಸ್ ಇಂಜೆಕ್ಷನ್ ಹಾಕಿಸಿದೆ. ಎರಡು ಸಲ, 9,000 ಒಂದೊಂದಕ್ಕೆ. ನಾಲ್ಕು ತಿಂಗಳು ಚೆನ್ನಾಗಿತ್ತು, ಮತ್ತೆ ಮೊದಲಿನ ಹಾಗೇ. ಬಿಟ್ಟೆ.

ಶಿಡ್ಲಘಟ್ಟ ಗೂಡು

ಎಲ್ಲರೂ ಒಂದೊಂದು ತಿಂಗಳು ಮಲಗಿದ್ದರು ಅನ್ನೋ ಹಾಗೆ ಬರೆದಿದ್ದೀರಿ. ನಾನು ಆಪರೇಷನ್ ಆದ 12ನೇ ದಿನಕ್ಕೆ ರೇಷ್ಮೆ ರೀಲಿಂಗ್ ಯೂನಿಟ್‌ಗೆ ಕೆಲಸಕ್ಕೆ ಹೋದೆ. ಹಬೆಯಲ್ಲಿ ನಿಂತೆ, ಅದರಿಂದಲೇ ಮೂಗು ಬಿಟ್ಟಿತು ಅನಿಸುತ್ತದೆ. 16ನೇ ದಿನ ಮುದ್ದೆ ಉಂಡೆ, ಉಪ್ಸಾರಿನಲ್ಲಿ. ಮುದ್ದೆ ನುಂಗುವುದು ತಾನೇ, ಅಗಿಯುವುದಿಲ್ಲವಲ್ಲ. ಅಂಬಲಿ ಸೋಸಿ ಸಿರಿಂಜಿನಲ್ಲಿ ಕುಡಿಯುವುದೆಲ್ಲ ಪೇಟೆಯವರ ಕಥೆ.

ಟಮಕ ಅಕ್ಕ

ನಾನು ಯಾವ ಪೇಟೆಯವಳೂ ಅಲ್ಲ, ಮುದ್ದೆ ತಿಂದೇ ಬೆಳೆದವಳು. 16ನೇ ದಿನ ನಿಮ್ಮ ಬಾಯಿ ಎಷ್ಟು ತೆರೆಯುತ್ತಿತ್ತು ಹೇಳಿ. ನನಗೆ ಒಂದು ಬೆರಳು ಹೋಗುತ್ತಿರಲಿಲ್ಲ. ಮುದ್ದೆ ಮುರಿದು ಉಂಡೆ ಮಾಡಿ ನುಂಗಲು ಬಾಯಿ ತೆರೆಯಬೇಕಲ್ವಾ? ಮೂಳೆ ಕೂಡಲು ಆರು ವಾರ ಬೇಕು. ಇದನ್ನು ಓದಿ ಯಾರೋ ಎರಡನೇ ವಾರಕ್ಕೆ ಮುದ್ದೆ ಮುರಿದು ಸ್ಕ್ರೂ ಸಡಿಲ ಮಾಡಿಕೊಂಡರೆ ನೀವು ಬಂದು ನೋಡುತ್ತೀರಾ?

ಶಿಡ್ಲಘಟ್ಟ ಗೂಡು

ನನ್ನ ಡಾಕ್ಟರ್ ಬ್ಯಾಂಡ್ ಊಟದ ಹೊತ್ತಿಗೆ ತೆಗೆಯಲು ಹೇಳಿದ್ದರು. ತೆಳ್ಳಗೆ ಮಾಡಿದ ಮುದ್ದೆ, ಗೋಲಿಯಷ್ಟು. ನನಗೇನೂ ಆಗಲಿಲ್ಲ. ಎರಡು ಮಕ್ಕಳ ತಂದೆ ನಾನು, ತಿಂಗಳುಗಟ್ಟಲೆ ಮನೆಯಲ್ಲಿ ಕೂತರೆ ಯಾರು ತಂದು ಹಾಕುತ್ತಾರೆ? ಇನ್ನೊಂದು ಮಾತು. ಮದುವೆ ಆಗದ ಹುಡುಗಿ ಅಂದರೆ ಗಂಡಿನ ಕಡೆಯವರಿಗೆ ಮೊದಲೇ ಹೇಳುವುದು ಒಳ್ಳೆಯದು. ನಾಳೆ ಮಗುವಿಗೆ ಅದೇ ದವಡೆ ಬಂದರೆ ಮಾತು ಬರುತ್ತದೆ.

ಟಮಕ ಅಕ್ಕ

ಮಗುವಿಗೆ ಬಂದರೆ ಬರಲಿ. ಉಬ್ಬು ಹಲ್ಲಿನ ಗಂಡಸರು ಮದುವೆಗೆ ಮುಂಚೆ ಯಾರ ಹತ್ತಿರ ಹೋಗಿ ಹೇಳುತ್ತಾರೆ? ನನ್ನ ಮುಖಕ್ಕೆ ನಾನು ದುಡಿದು ಖರ್ಚು ಮಾಡಿದ್ದೇನೆ. ನನ್ನ ಗಂಡನಿಗೆ ನಾನೇ ಹಳೇ ಫೋಟೋ ತೋರಿಸಿದೆ, ಅದು ನನ್ನ ಇಷ್ಟ. ಹೇಳಲೇಬೇಕು ಅನ್ನಲು ನೀವು ಯಾರು?

ತಿಪಟೂರು ಅಮ್ಮ

ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಮುಚ್ಚಿಟ್ಟು ಮದುವೆಯಾಗಿ ಅತ್ತೆ ಮನೆಯಲ್ಲಿ ಮಾತು ಕೇಳುವುದು ಯಾರು? ಹೆಣ್ಣು ಹೆತ್ತವರಿಗೆ ಗೊತ್ತು ಆ ಭಯ.

ಶಿರಾ ಗೇಟ್ ಹುಡುಗಿ

ದಯವಿಟ್ಟು ನನ್ನ ಮದುವೆ ವಿಷಯ ಬಿಡಿ, ನಾನು ಅದನ್ನು ಕೇಳಿಯೇ ಇಲ್ಲ. ರಜೆ 35 ದಿನದಿಂದ 12 ದಿನದವರೆಗೆ ಬಂದಿದೆ. ನನಗೆ ಇರುವುದು 24 ದಿನ. ಕೌಂಟರಿನಲ್ಲಿ ದಿನಾ ಮಾತಾಡಬೇಕು. ಮತ್ತೆ ಕ್ಲಿಪ್ ಬೇಕಾ ಅನ್ನುವುದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಪಾವಗಡ ಬೋರ್‌ವೆಲ್

ಬೇಕು ತಂಗಿ. ಹಲ್ಲು ಸಾಲಾಗಿದ್ದರೂ ಆಪರೇಷನ್ ಆದ ಮೇಲೆ ಬ್ಯಾಂಡ್ ಸಿಕ್ಕಿಸಲು, ಕಚ್ಚುವುದು ಸರಿ ಕೂರಿಸಲು ಸಾಮಾನ್ಯವಾಗಿ ಕ್ಲಿಪ್ ಬೇಕಾಗುತ್ತದೆ. ನಿಮಗೆ ಮುಂಚಿನ ಕಾಲ ಕಡಿಮೆ ಆಗಬಹುದು, ನನಗೆ 17 ತಿಂಗಳಾಯಿತು, ಆಮೇಲೆ 7 ತಿಂಗಳು. ಅಂದಾಜಿನಲ್ಲಿ ಕ್ಲಿಪ್ ಸೇರಿದೆಯಾ ಕೇಳಿ. ಮಾತು ಮೂರನೇ ವಾರಕ್ಕೆ ಬರುತ್ತದೆ, ಆದರೆ ಪ, ಬ, ಮ ಹೇಳುವಾಗ ತುಟಿ ಕೂಡಲ್ಲ. ನಾನು ನನ್ನ ಊರಿನ ಹೆಸರು ಹೇಳಲು ಕಷ್ಟಪಟ್ಟೆ.

ಗೌರಿಬಿದನೂರು 94

ಮಾಡಿಸಲೇಬೇಕು ಅಂತ ಮನಸ್ಸು ಮಾಡಿದ್ದರೆ ನನ್ನದೊಂದು ಮಾತು ತೆಗೆದುಕೊಂಡು ಹೋಗಿ. ದವಡೆ ಮೇಲಕ್ಕೆ ಹೋದರೆ ಹೊಳ್ಳೆ ಅಗಲ ಆಗುತ್ತದೆ. ಅದು ಆಗದಿರಲಿ ಅಂತ ಮೂಗಿನ ಬುಡಕ್ಕೆ ಒಳಗಿಂದ ಒಂದು ಹೊಲಿಗೆ ಹಾಕುತ್ತಾರೆ. ನನಗೆ ಹಾಕಲಿಲ್ಲ, ಹಾಕಬೇಕು ಅಂತ ನನಗೂ ಗೊತ್ತಿರಲಿಲ್ಲ. ಹಾಕುತ್ತೀರಾ ಅಂತ ಮೊದಲೇ ಕೇಳಿ. ಸಹಿ ಹಾಕುವ ಕಾಗದ ಒಂದು ವಾರ ಮುಂಚೆ ಮನೆಗೆ ಕೊಡಿ ಅನ್ನಿ. ಕೊಡದಿದ್ದರೆ ಎದ್ದು ಬನ್ನಿ.

ಟಮಕ ಅಕ್ಕ

ಇದು ಸರಿಯಾದ ಮಾತು. ನನಗೆ ಆ ಹೊಲಿಗೆ ಹಾಕಿದ್ದರು, ಆದರೂ ಸ್ವಲ್ಪ ಅಗಲ ಆಗಿದೆ. ಮೂಗುತಿ ಇರುವ ಕಡೆ ಗೊತ್ತಾಗುತ್ತದೆ.

ಶಿಡ್ಲಘಟ್ಟ ಗೂಡು

ನಾನು ಯಾರಿಗೂ ಕೆಟ್ಟದ್ದು ಹೇಳಲಿಲ್ಲ. ಮುದ್ದೆ ವಿಷಯ ಈಗಲೂ ಹೇಳುತ್ತೇನೆ, ಅದರಿಂದಲೇ ನನಗೆ ಶಕ್ತಿ ಬಂದದ್ದು. 3 ಕೆಜಿ ಮಾತ್ರ ಇಳಿದೆ.

ಶಿರಾ ಗೇಟ್ ಹುಡುಗಿ

ಗುರುವಾರ ಹತ್ತೂವರೆಗೆ ಡಾಕ್ಟರ್ ಸಿಗುತ್ತಾರೆ, ಬೆಳಗಿನ ರೈಲಿಗೆ ಹೋಗುತ್ತೇನೆ. ಚೀಟಿಯಲ್ಲಿ ಬರೆದುಕೊಂಡಿದ್ದೇನೆ: ಕ್ಲಿಪ್ ಸೇರಿದೆಯಾ, ಪ್ಲೇಟು ಸೇರಿದೆಯಾ, ಮೂಗಿನ ಹೊಲಿಗೆ, ಕಾಗದ ಮೊದಲೇ. ಅಮ್ಮನೂ ಬರುತ್ತೇನೆ ಅಂದಿದ್ದಾರೆ. ಟಮಕ ಅಕ್ಕ, ನಿಮ್ಮ ಹಳೇ ಫೋಟೋ ಮತ್ತು ಈಗಿನದು ಅಮ್ಮನಿಗೆ ತೋರಿಸಲು ನನಗೊಬ್ಬಳಿಗೆ ಕಳಿಸುತ್ತೀರಾ?